ಕಾರ್ಬನ್ ಸರ್ಫ್‌ಬೋರ್ಡಿನ ಡೆಕ್ (ಮೇಲ್ಮೈ) ಮೇಲೆ ಬೊಬ್ಬೆ ಎದ್ದಿದೆ. ನೇಯ್ಗೆ ಕಾಣೋ ಹಾಗೇ ಇಟ್ಕೊಂಡು ಬಿಸಿಲಿಂದ ಕಾಪಾಡೋಕೆ ಆಗುತ್ತಾ?

ಕರಿಹಲಗೆ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡಲ್ಲಿ ಒಂದು ಕಾರ್ಬನ್ ಶಾರ್ಟ್‌ಬೋರ್ಡ್ ತಗೊಂಡೆ. ಆರಡಿ ಎರಡಂಗುಲ, ಒಳಗೆ ಇಪಿಎಸ್ ಫೋಮ್, ಮೇಲೂ ಕೆಳಗೂ ಪೂರ್ತಿ ಕಾರ್ಬನ್, ಪೇಂಟ್ ಇಲ್ಲ, ಬರೀ ಕ್ಲಿಯರ್ ಕೋಟ್. ಕಪ್ಪು ನೇಯ್ಗೆ ಬೆಳಕಿಗೆ ಮಿಂಚೋದು ನೋಡಿಯೇ ಮನಸೋತಿದ್ದು, ಸುಳ್ಳು ಯಾಕೆ ಹೇಳ್ಲಿ.

ಮೊನ್ನೆ ನೀರಿಂದ ಬಂದು ಮರಳ ಮೇಲೆ ಬೋರ್ಡ್ ಬಿಟ್ಟು ಗೆಳೆಯರ ಜೊತೆ ಮಾತಿಗೆ ಕೂತೆ. ಮುಕ್ಕಾಲು ಗಂಟೆ ಆಗಿರಬಹುದು. ವಾಪಸ್ ಬಂದ್ರೆ ಕಾಲು ಜಾರದಿರಲಿ ಅಂತ ಹಚ್ಚಿದ್ದ ವ್ಯಾಕ್ಸ್ ಎಲ್ಲ ಕರಗಿ ಅಂಚಿನ ರೈಲ್‌ವರೆಗೂ ಹರಿದಿದೆ, ಮುಂಗಾಲು ಇಡೋ ಜಾಗದಲ್ಲಿ ಅಂಗೈಯಷ್ಟು ಅಗಲ ಬೊಬ್ಬೆ. ಒತ್ತಿದ್ರೆ ಟಪಕ್ ಅಂತ ಒಳಗೆ ಹೋಗಿ ಮತ್ತೆ ಎದ್ದು ಬರುತ್ತೆ.

ನಿಜ ಹೇಳಬೇಕಂದ್ರೆ ಈ ಬೋರ್ಡನ್ನ ನನ್ನ ಇಷ್ಟಕ್ಕೆ ತಕ್ಕ ಹಾಗೆ ಸಿಂಗರಿಸೋ ಆಸೆ ಇತ್ತು. ಬಿಳಿ ಪಿನ್‌ಲೈನ್, ಹಿಂಗಾಲಿಗೆ ಹೊಸ ಟೇಲ್ ಪ್ಯಾಡ್, ಮೂಗಿನ ಹತ್ರ ಒಂದು ಚಿತ್ರ. ಈಗ ಮೊದಲು ಬೊಬ್ಬೆಗೆ ಮದ್ದು ಬೇಕು. ಕಾರ್ಬನ್ ಅಂದ್ರೆ ವಿಮಾನಕ್ಕೆ ಹಾಕೋ ವಸ್ತು ಅಲ್ವಾ? ಇಷ್ಟು ಬಿಸಿಲಿಗೇ ಸೋಲುತ್ತಾ?

ನೊರೆಹುಳ:
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವನು ಸೂರ್ಯ, ಅಷ್ಟೇ ವ್ಯತ್ಯಾಸ. ಬೋರ್ಡಲ್ಲಿ ವೆಂಟ್ (ಒಳಗಿನ ಗಾಳಿ ಹೊರಗೆ ಬಿಡೋ ತೂತು) ಇದೆಯಾ ನೋಡಿದ್ಯಾ?

ಅಳತೆಗೋಲು:
ಸೋತದ್ದು ಕಾರ್ಬನ್ ಅಲ್ಲ. ಆ ನಾರು ತಯಾರಾಗುವುದೇ 1000 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ, ಬಿಸಿಲು ಅದಕ್ಕೆ ಯಾವ ಲೆಕ್ಕ. ಸೋಲುವುದು ನಾರನ್ನು ಹಿಡಿದಿಟ್ಟ ಎಪಾಕ್ಸಿ ಅನ್ನುವ ಅಂಟುರಾಳ (ರೆಸಿನ್), ಮತ್ತು ಅದರ ಕೆಳಗಿನ ಫೋಮ್. ವಿಮಾನದ ಭಾಗಗಳನ್ನು ಒತ್ತಡದ ಒಲೆಯಾದ ಆಟೋಕ್ಲೇವ್‌ನಲ್ಲಿ, ಹಲವು ಸಲ 180 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿ ಮಾಡಿರುತ್ತಾರೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಹಾಗಲ್ಲ, ಸಾಮಾನ್ಯವಾಗಿ 50–65 ಡಿಗ್ರಿಗೆ ಬಿಗಿ ಕಳೆದುಕೊಂಡು ರಬ್ಬರಿನಂತೆ ಮೆತ್ತಗಾಗತೊಡಗುತ್ತದೆ. ಇಪಿಎಸ್ ಅಂದರೆ ನಮ್ಮ ಥರ್ಮೋಕೋಲ್‌ನ ಜಾತಿಯೇ. 80 ಡಿಗ್ರಿಯ ಸುತ್ತಮುತ್ತ ಅದೂ ಕುಗ್ಗಲು ಶುರು. ಗಾಳಿಯಿಲ್ಲದ ನಡುಹಗಲಿನಲ್ಲಿ ಕಪ್ಪು ಡೆಕ್ 70 ಡಿಗ್ರಿ ದಾಟುವುದು ಅಪರೂಪವೇನಲ್ಲ. ಉಳಿದದ್ದು ನೀವೇ ಊಹಿಸಿ.

ಇನ್ನು ಒಳಗಿನ ಗಾಳಿ. ಮುಚ್ಚಿದ ಬೋರ್ಡಿನೊಳಗೆ 27 ಡಿಗ್ರಿಯಲ್ಲಿದ್ದ ಗಾಳಿ 77ಕ್ಕೆ ಏರಿತು ಅಂದುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ 300ರಿಂದ 350. ಒತ್ತಡ ಆರನೇ ಒಂದು ಭಾಗದಷ್ಟು ಜಾಸ್ತಿ. ಸಣ್ಣದು ಅನ್ನಿಸುತ್ತದೆ, ಆದರೆ ಒಂದು ಚದರ ಮೀಟರಿಗೆ ಅದು ಸುಮಾರು 1.7 ಟನ್ ಭಾರದಷ್ಟು ತಳ್ಳು. ಅಂಟು ಮೆತ್ತಗಾಗಿರುವ ಹೊತ್ತಿಗೇ ಒಳಗಿನಿಂದ ಇಷ್ಟು ನೂಕಿದರೆ ಬೊಬ್ಬೆ ಏಳದೆ ಇನ್ನೇನಾದೀತು?

ಕಾರ್ಬನ್ ನಾರು ಉದ್ದಕ್ಕೆ ಬಿಸಿಗೆ ಹಿಗ್ಗುವುದೇ ಇಲ್ಲ, ಕೂದಲೆಳೆಯಷ್ಟು ಕುಗ್ಗುತ್ತದೆ ಬೇಕಾದರೆ. ಇಪಿಎಸ್‌ನಲ್ಲಿರುವ ಪಾಲಿಸ್ಟೈರೀನ್ ಅದೇ 50 ಡಿಗ್ರಿ ಏರಿಕೆಗೆ ಮೀಟರಿಗೆ ಸುಮಾರು 3 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿಕೊಂಡದ್ದು ಅಂಟು.

ನೊರೆಹುಳ:
ಲೆಕ್ಕ ಚೆನ್ನಾಗಿದೆ ಸಾರ್. ಆದ್ರೆ ನನ್ನದು ಪೂರ್ತಿ ಕಪ್ಪು ಬೋರ್ಡ್, ನಾಲ್ಕು ವರ್ಷ ಆಯ್ತು, ಒಂದು ಗುಳ್ಳೆ ಇಲ್ಲ. ಪೇಂಟ್ ಗೀಂಟ್ ಏನೂ ಹಾಕಿಲ್ಲ. ಎಲ್ಲಾ ಕಾರ್ಬನ್ ಬೋರ್ಡೂ ಹೀಗೇ ಅಂತ ಹೆದರಿಸಬೇಡಿ.

ರಾಳದಕೈ:
ನೊರೆಹುಳ ಅವರೇ, ನಿಮ್ಮದು ಯಾವ ರಚನೆ ಅನ್ನೋದರ ಮೇಲೆ ಹೋಗುತ್ತೆ. ವ್ಯಾಕ್ಯೂಮ್ ಬ್ಯಾಗ್‌ನಲ್ಲಿ ಒತ್ತಿ, ಇಪಿಎಸ್ ಮೇಲೆ ದಟ್ಟ ಫೋಮಿನ ತೆಳು ಹಾಳೆ ಕೂರಿಸಿ, ಆಮೇಲೆ ಒಲೆಯಲ್ಲಿ ಪೋಸ್ಟ್ ಕ್ಯೂರ್ (ಮತ್ತೆ ಬಿಸಿ ಕೊಟ್ಟು ಗಟ್ಟಿ) ಮಾಡಿದ ಬೋರ್ಡಾದ್ರೆ ತಡೆಯುತ್ತೆ. ಕೈಯಲ್ಲಿ ಲ್ಯಾಮಿನೇಟ್ ಮಾಡಿ ನೇರ ಥರ್ಮೋಕೋಲ್ ಮೇಲೆ ಕಾರ್ಬನ್ ಹೊದಿಸಿದ್ದಾದ್ರೆ ಬೇರೆ ಕಥೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ತರ ಕಾಣುತ್ತೆ, ಅದೇ ತೊಂದರೆ.

ಕೈಕೆಲಸದಲ್ಲಿ ಕಾರ್ಬನ್‌ಗೆ ಒಂದು ಕೆಟ್ಟ ಗುಣ ಇದೆ. ಗ್ಲಾಸ್ ಬಟ್ಟೆ (ಗಾಜಿನ ನಾರಿನದ್ದು) ರೆಸಿನ್ ಕುಡಿದ ತಕ್ಷಣ ಗಾಜಿನ ಹಾಗೆ ತಿಳಿಯಾಗುತ್ತೆ, ಒಣಗಿ ಉಳಿದ ಜಾಗ ಬೆಳ್ಳಗೆ ಕಂಡುಬಿಡುತ್ತೆ. ಕಾರ್ಬನ್ ಒಣಗಿದ್ರೂ ಕಪ್ಪು, ನೆನೆದ್ರೂ ಕಪ್ಪು. ಕೆಳಗೆ ಫೋಮಿಗೆ ಅಂಟು ತಲುಪಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ. ಕರಿಹಲಗೆ ತಮ್ಮನ ಬೋರ್ಡಲ್ಲಿ ಆ ಅಂಗೈಯಗಲ ಜಾಗ ಮೊದಲಿಂದಲೇ ಸಾಕಷ್ಟು ಅಂಟು ಕುಡಿಯದೇ ಇದ್ದಿರಬೇಕು. ಬಿಸಿಲು ಅದನ್ನ ಹುಡುಕಿ ತೋರಿಸಿದೆ.

ಈಗ ಕೆಲಸ. ಒಂದು ನಾಣ್ಯ ತಗೊಂಡು ಡೆಕ್ ಪೂರ್ತಿ ತಟ್ಟಿ ನೋಡು. ಗಟ್ಟಿ ಇರೋ ಕಡೆ ಟಿಕ್ ಅನ್ನುತ್ತೆ, ಪದರ ಬಿಟ್ಟ ಕಡೆ ಪೊಳ್ಳು ಸದ್ದು. ಮಾಸ್ಕಿಂಗ್ ಟೇಪಲ್ಲಿ ಗಡಿ ಗುರುತು ಮಾಡ್ಕೋ. ಕಣ್ಣಿಗೆ ಕಂಡಿದ್ದಕ್ಕಿಂತ ಗಡಿ ದೊಡ್ಡದೇ ಇರುತ್ತೆ, ಗಾಬರಿ ಬೇಡ. ಸುತ್ತಳತೆ ಗೊತ್ತಾದ ಮೇಲೆ ಬರೆ, ಮುಂದಿಂದು ಹೇಳ್ತೀನಿ. ಅಲ್ಲಿವರೆಗೆ ನೀರಿಗೆ ಇಳಿಸಬೇಡ.

ಕರಿಹಲಗೆ:
ತಟ್ಟಿ ನೋಡಿದೆ ಅಣ್ಣಾ. ಉದ್ದ ಒಂದು ಗೇಣು, ಅಗಲ ನಾಲ್ಕು ಬೆರಳು ಜಾಸ್ತಿ. ಬೇರೆ ಕಡೆ ಎಲ್ಲ ಗಟ್ಟಿ. ವೆಂಟ್ ಇದೆ, ಸ್ಕ್ರೂ ತರದ್ದು, ಲೀಶ್ (ಕಾಲಿಗೆ ಕಟ್ಟೋ ಹಗ್ಗ) ಪ್ಲಗ್ ಮುಂದೆ. ಆದ್ರೆ ತಿರುಗ್ತಾನೇ ಇಲ್ಲ! ಸುತ್ತ ಬಿಳಿ ಪುಡಿ ಕಟ್ಕೊಂಡಿದೆ. ಉಪ್ಪು ಅಂತ ಒರೆಸಿದ್ರೆ ಹೋಗಲ್ಲ.

ಅಳತೆಗೋಲು:
ಅದು ಉಪ್ಪಲ್ಲ, ಅಲ್ಯೂಮಿನಿಯಂ ತಿಂದುಹೋಗಿರುವ ಗುರುತು. ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಾಗಿ, ನಡುವೆ ಸಮುದ್ರದ ನೀರು ಬಂದರೆ ಸಣ್ಣದೊಂದು ಬ್ಯಾಟರಿ ಆದಂತೆ. ಆ ಬ್ಯಾಟರಿಯಲ್ಲಿ ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ಕಾರ್ಬನ್‌ಗೆ ಏನೂ ಆಗುವುದಿಲ್ಲ. ತೂತಿನ ಅಂಚಿನಲ್ಲಿ ಕಾರ್ಬನ್‌ಗೂ ಲೋಹಕ್ಕೂ ನಡುವೆ ಗ್ಲಾಸ್ ಪದರ ಬಿಡದೆ ಯಾರೋ ಹಾಗೇ ಕೂರಿಸಿದ್ದಾರೆ.

ನಿಮ್ಮ ಬೊಬ್ಬೆಯ ಅರ್ಧ ಕಥೆ ಇಲ್ಲೇ ಇದೆ ಅನ್ನಿಸುತ್ತದೆ. ವೆಂಟ್ ಇತ್ತು, ಆದರೆ ಬಾಯಿ ಕಟ್ಟಿಹೋಗಿತ್ತು.

ಹಿಂಗಾಲು:
ನನ್ನ ಹಳೇ ಬೋರ್ಡಲ್ಲೂ ಇದೇ ಆಗಿತ್ತು ನೋಡಿ. ಸ್ಕ್ರೂ ಕಿತ್ತು ಹಾಕಿ, ತೂತನ್ನ ಸ್ವಲ್ಪ ದೊಡ್ಡದು ಮಾಡಿ, ಗೋಡೆಗೆ ಎಪಾಕ್ಸಿ ಸವರಿ, ಪ್ಲಾಸ್ಟಿಕ್ ಮೈಯಿನ ಗೋರ್-ಟೆಕ್ಸ್ ವೆಂಟ್ ಕೂರಿಸಿದೆ. ಗಾಳಿ ಬಿಡುತ್ತೆ, ನೀರು ಬಿಡಲ್ಲ. ನೆನಪಿಟ್ಟುಕೊಂಡು ತೆಗೆದು ಹಾಕೋ ಗೋಳಿಲ್ಲ. ಒಂದೇ ಮಾತು, ಅದರ ಮೇಲೆ ವ್ಯಾಕ್ಸ್, ಪೇಂಟ್, ಸ್ಟಿಕರ್ ಏನೂ ಬೀಳದ ಹಾಗೆ ನೋಡ್ಕೋಬೇಕು. ಪರದೆಯ ರಂಧ್ರ ಮುಚ್ಚಿದ್ರೆ ಮತ್ತೆ ಅದೇ ಕಥೆ.

ಮತ್ತೆ ಬಿಸಿಯಾದ ಬೋರ್ಡನ್ನ ಓಡಿಹೋಗಿ ತಣ್ಣೀರಿಗೆ ಇಳಿಸಬೇಡಿ. ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತೆ, ಎಲ್ಲಾದ್ರೂ ಸಣ್ಣ ಬಿರುಕು ಇದ್ರೆ ಅದರಿಂದ ನೀರು ಎಳ್ಕೊಳ್ಳುತ್ತೆ. ಐದು–ಹತ್ತು ನಿಮಿಷ ನೆರಳಲ್ಲಿ ಇಟ್ಟು ಆಮೇಲೆ ಹೋಗಿ.

ರಾಳದಕೈ:
ಹಿಂಗಾಲು ಹೇಳಿದ್ದು ಸರಿ. ಆ ಸ್ಕ್ರೂ ಉಳಿಸೋ ಪ್ರಯತ್ನ ಬೇಡ, ಕಿತ್ತುಬಿಡು. ಕಿತ್ತ ಮೇಲೆ ಬೋರ್ಡನ್ನ ವೆಂಟ್ ಕೆಳಗಾಗೋ ಹಾಗೆ ನೆರಳಲ್ಲಿ ಕೆಲವು ದಿನ ನಿಲ್ಲಿಸು. ನೀರು ಹೋಗಿದ್ರೆ ತೊಟ್ಟಿಕ್ಕುತ್ತೆ.

ಬೊಬ್ಬೆಯ ಎರಡು ತುದಿಗೆ 3 ಮಿಲಿಮೀಟರಿನ ಎರಡು ತೂತು ಹಾಕು. ಒಂದರಲ್ಲಿ ಸಿರಿಂಜಿಂದ ಎಪಾಕ್ಸಿ, ಇನ್ನೊಂದು ಗಾಳಿ ಹೊರಗೆ ಹೋಗಕ್ಕೆ. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೋ, ಕಾರ್ಬನ್ ಚರ್ಮ ದಾಟಿದ್ರೆ ಸಾಕು. ರೆಸಿನ್ ನಿಧಾನದ ಹಾರ್ಡ್‌ನರ್ ಹಾಕಿ ಕಲಸಬೇಕು, ಅದೂ ಸ್ವಲ್ಪಸ್ವಲ್ಪ. ಎಪಾಕ್ಸಿ ಒಂದೇ ಕಡೆ ದಪ್ಪಗೆ ನಿಂತ್ರೆ ತನ್ನ ಬಿಸಿಗೆ ತಾನೇ ಕುದಿಯುತ್ತೆ. ಕಪ್‌ನಲ್ಲಿ ಹೊಗೆ ಬಂದದ್ದು ನೋಡಿರ್ತೀರಲ್ಲ. ಅದೇ ಕುದಿ ಫೋಮೊಳಗೆ ಆದ್ರೆ ಬಿಸಿಲು ಬಿಟ್ಟದ್ದನ್ನ ನೀನೇ ಕರಗಿಸಿದ ಹಾಗಾಗುತ್ತೆ. ಫೋಮ್ ಕುಗ್ಗಿ ಒಳಗೆ ಖಾಲಿ ಜಾಗ ಇದ್ರೆ ಮೈಕ್ರೋಬಲೂನ್ (ಹಗುರ ಟೊಳ್ಳು ಗುಂಡುಗಳ ಪುಡಿ) ಬೆರೆಸಿ, ಎರಡು ಮೂರು ಸಲ ಮಾಡು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಸುರಿಯೋ ಬುದ್ಧಿ ಬೇಡವೇ ಬೇಡ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ಹೆಚ್ಚುಕಮ್ಮಿ ಮಾಡಬಹುದು, ಎಪಾಕ್ಸಿಗೆ ಅಳತೆ ಅಂದ್ರೆ ಅಳತೆ. ಮತ್ತೆ ಅಪ್ಪಿತಪ್ಪಿಯೂ ಪಾಲಿಯೆಸ್ಟರ್ ರೆಸಿನ್ ಮುಟ್ಟಬೇಡ, ಅದರಲ್ಲಿರೋ ಸ್ಟೈರೀನ್ ಇಪಿಎಸ್ಸನ್ನ ತಿಂದುಹಾಕುತ್ತೆ.

ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೆತ್ತನೆ ಫೋಮ್ ತುಂಡು, ಅದರ ಮೇಲೆ ಮರಳಿನ ಚೀಲ. ಮಾರನೇ ದಿನ ಮತ್ತೆ ನಾಣ್ಯ ತಟ್ಟು.

ನೊರೆಹುಳ:
ಉಬ್ಬೋ ಫೋಮ್ ಸ್ಪ್ರೇ ಒಳಗೆ ಹೊಡೆದ್ರೆ ಒಂದೇ ಸಲಕ್ಕೆ ಮುಗೀತದಲ್ಲ?

ರಾಳದಕೈ:
ಮುಗಿಯುತ್ತೆ, ಬೋರ್ಡು. ಅದು ಉಬ್ಬೋವಾಗ ಅಂಟಿಕೊಂಡಿರೋ ಜಾಗವನ್ನೂ ಎಬ್ಬಿಸಿಬಿಡುತ್ತೆ.

ಕರಿಹಲಗೆ:
ಸರಿ ಅಣ್ಣಾ, ಈ ವಾರ ಕೂರ್ತೀನಿ. ಇನ್ನೊಂದು ಪ್ರಶ್ನೆ ಉಳೀತು. ನೇಯ್ಗೆ ಕಾಣೋ ಹಾಗೇ ಇಟ್ಟು ಬಿಸಿಲು ತಡೆಯೋ ಕ್ಲಿಯರ್ ಕೋಟ್ ಯಾವುದಾದ್ರೂ ಇದೆಯಾ? ಯುವಿ ಕ್ಲಿಯರ್ ಅಂತ ಸಿಗುತ್ತಲ್ಲ.

ಅಳತೆಗೋಲು:
ಯುವಿ ಕ್ಲಿಯರ್ ಬೇಕು, ಆದರೆ ಬೇರೆ ಕಾರಣಕ್ಕೆ. ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗಿ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಅದನ್ನು ತಡೆಯುವುದಷ್ಟೇ ಅದರ ಕೆಲಸ. ಬಿಸಿಲಿನ ಶಕ್ತಿಯಲ್ಲಿ ನೇರಳಾತೀತದ ಪಾಲು ಅತಿ ಕಡಿಮೆ. ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಕೆಂಪು, ಉಳಿದ ಬಹುಪಾಲು ಕಾಣುವ ಬೆಳಕು. ನೇಯ್ಗೆ ನಿಮ್ಮ ಕಣ್ಣಿಗೆ ಕಪ್ಪಗೆ ಕಾಣುತ್ತಿದೆ ಅಂದರೇನೇ ಬೆಳಕು ಅಲ್ಲಿಗೆ ಹೋಗಿ ವಾಪಸ್ ಬರುತ್ತಿಲ್ಲ ಅಂತ. ಪಾರದರ್ಶಕವಾದ ಯಾವ ಲೇಪವೂ ಇದನ್ನು ಬದಲಿಸಲಾರದು.

ಅವಕೆಂಪನ್ನು ಹಿಂದಕ್ಕೆ ಕಳಿಸುವ ಕಪ್ಪು ಬಣ್ಣಗಳು ಇವೆ. ಅವುಗಳಲ್ಲಿ ಹಲವು ಅವಕೆಂಪನ್ನು ಒಳಗೆ ಬಿಟ್ಟು, ಕೆಳಗಿನ ಬಿಳಿ ಪದರದಿಂದ ತಿರುಗಿ ಬರುವುದನ್ನು ನೆಚ್ಚಿಕೊಂಡಿರುತ್ತವೆ. ಕಾರ್ಬನ್ ಮೇಲೆ ನೇರ ಬಳಿದರೆ ಲಾಭ ಅಷ್ಟಕ್ಕಷ್ಟೇ. ಬಿಳಿ ಬಳಿದು ಅದರ ಮೇಲೆ ಇಂಥ ಕಪ್ಪು ಬಳಿದರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ಆಗ ನೇಯ್ಗೆ ಎಲ್ಲಿ ಉಳಿಯಿತು?

ಕಾಂಪೋಸಿಟ್ ಗ್ಲೈಡರ್ ವಿಮಾನಗಳನ್ನು ನೋಡಿದ್ದೀರಾ? ಎಲ್ಲವೂ ಹೆಚ್ಚುಕಡಿಮೆ ಬಿಳಿ. ಅಂದಕ್ಕಲ್ಲ. ಅವುಗಳ ರಚನೆಯ ಬಲವನ್ನು ಸುಮಾರು 54 ಡಿಗ್ರಿಯವರೆಗೆ ಲೆಕ್ಕ ಹಿಡಿದಿರುತ್ತಾರೆ, ಬಿಳಿ ಇದ್ದರೆ ಮಾತ್ರ ಬಿಸಿಲಲ್ಲಿ ಆ ಮಿತಿಯೊಳಗೆ ಉಳಿಯುತ್ತವೆ. ಮೊದಲು ವಿಮಾನದ ಮಾತು ತೆಗೆದಿರಲ್ಲ, ಅದಕ್ಕೆ ಹೇಳಿದೆ.

ನೊರೆಹುಳ:
ಕಾರ್ಬನ್ ಬೋರ್ಡ್ ತಗೊಂಡು ಬಿಳಿ ಬಳಿಯೋದು ಅಂದ್ರೆ ರೇಷ್ಮೆ ಸೀರೆ ಉಟ್ಟು ಮೇಲೆ ರೇನ್‌ಕೋಟ್ ಹಾಕಿದ ಹಾಗೆ. ಡೆಕ್ ಬೇಕಾದ್ರೆ ಬಿಳಿ ಮಾಡಿ, ತಳ ಯಾಕೆ? ತಳ ನೀರಲ್ಲಿರುತ್ತೆ, ಬಿಸಿಲೇ ಬೀಳಲ್ಲ. ಅಲ್ಲಿ ನೇಯ್ಗೆ ಉಳಿಸ್ಕೋ.

ಹಿಂಗಾಲು:
ನೀರಲ್ಲಿದ್ದಾಗ ಯಾವ ಬೋರ್ಡಿಗೂ ತೊಂದರೆ ಇಲ್ಲ ಮಹಾರಾಯರೇ, ನೀರೇ ತಣ್ಣಗಿಡುತ್ತೆ. ತೊಂದರೆ ದಡದಲ್ಲಿ. ದಡದಲ್ಲಿ ನಾವು ಬೋರ್ಡನ್ನ ಹೇಗೆ ಇಡ್ತೀವಿ? ವ್ಯಾಕ್ಸ್ ಕರಗಬಾರದು ಅಂತ ಬೋರಲು! ಕಾರಿನ ಮೇಲೆ ಕಟ್ಟೋವಾಗಲೂ ಬಹಳ ಜನ ತಳ ಮೇಲೆ ಮಾಡಿಯೇ ಕಟ್ತಾರೆ. ನನಗೆ ಪದರ ಬಿಟ್ಟದ್ದು ತಳದಲ್ಲೇ, ಫಿನ್ ಬಾಕ್ಸ್ (ತಳದ ರೆಕ್ಕೆ ಕೂರಿಸೋ ಜಾಗ) ಮುಂದೆ.

ನೊರೆಹುಳ:
...ಇದನ್ನ ಯೋಚಿಸಿರಲಿಲ್ಲ.

ಉಪ್ಪುಗಣ್ಣು:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಹೊಸದಾಗಿ ನನ್ನ ಕೈಯಾರೆ ಒಂದು ಬೋರ್ಡ್ ಗ್ಲಾಸ್ ಮಾಡ್ತಿದ್ದೀನಿ, ಅಂದ್ರೆ ಫೋಮಿಗೆ ಬಟ್ಟೆ, ರೆಸಿನ್ ಹೊದಿಸ್ತಿದ್ದೀನಿ. ಇಪಿಎಸ್ ಬ್ಲ್ಯಾಂಕ್ (ಬೋರ್ಡಿನ ಒಳಗಿನ ಫೋಮ್ ದಿಮ್ಮಿ), ಘನ ಮೀಟರಿಗೆ 32 ಕೆಜಿ ಸಾಂದ್ರತೆ. ಕಾರ್ಬನ್ ಪೂರ್ತಿ ಹೊದಿಸೋ ಆಲೋಚನೆ ಇತ್ತು, ಇದನ್ನೆಲ್ಲ ಓದಿ ಕೈ ನಡುಗ್ತಿದೆ.

ರಾಳದಕೈ:
ಶುರುವಲ್ಲೇ ಇದ್ದೀರಿ, ಅದೃಷ್ಟ. ಕಾರ್ಬನ್ ಬಿಗಿ ಕೊಡುತ್ತೆ, ಸಾಮಾನ್ಯ ಗ್ಲಾಸ್‌ಗಿಂತ ಮೂರು ಪಟ್ಟು. ಆದ್ರೆ ಎಳೆದ್ರೆ ಒಂದೂವರೆ ಎರಡು ಪರ್ಸೆಂಟ್ ಹಿಗ್ಗೋದರೊಳಗೆ ಹರಿದುಹೋಗುತ್ತೆ. ಗ್ಲಾಸ್ ಅದರ ಎರಡು ಪಟ್ಟಿಗೂ ಜಾಸ್ತಿ ತಾಳುತ್ತೆ. ಹಾಗಾಗಿ ಡೆಕ್ಕಿನಲ್ಲಿ ಹಿಮ್ಮಡಿ ಬೀಳೋ ಜಾಗಕ್ಕೆ ಗ್ಲಾಸ್ ಒಳ್ಳೇದು. ಪೂರ್ತಿ ಕಾರ್ಬನ್ ಹೊದಿಸಿದ್ರೆ ಬೋರ್ಡು ಹಲಗೆ ಹಾಗೆ ಸೆಟೆದುಕೊಳ್ಳುತ್ತೆ, ಅಲೆ ಒರಟಾಗಿದ್ದ ದಿನ ಮೊಣಕಾಲಿಗೆ ಗೊತ್ತಾಗುತ್ತೆ.

ನನ್ನ ಕೈಲಿ ಕೊಟ್ರೆ ಹೀಗೆ ಮಾಡ್ತೀನಿ. ಎರಡೂ ರೈಲ್ ಉದ್ದಕ್ಕೆ ಎರಡಂಗುಲದ ಯುನಿಡೈರೆಕ್ಷನಲ್ (ನಾರೆಲ್ಲ ಒಂದೇ ದಿಕ್ಕಿಗಿರೋ) ಕಾರ್ಬನ್ ಪಟ್ಟಿ, ಸ್ಟ್ರಿಂಗರ್ (ನಡುವಿನ ಮರದ ಪಟ್ಟಿ) ಬದಲಿಗೆ. ಟೇಲ್‌ನಲ್ಲಿ ಫಿನ್ ಬಾಕ್ಸ್ ಸುತ್ತ 45 ಡಿಗ್ರಿಗೆ ಓರೆಯಾಗಿ ಇನ್ನೊಂದು ತುಂಡು, ತಿರುಚು ತಡೆಯಕ್ಕೆ. ಉಳಿದಿದ್ದೆಲ್ಲ ಗ್ಲಾಸ್, ಬಿಳಿ. ಕಪ್ಪು ಪಟ್ಟಿ ಕಣ್ಣಿಗೂ ಚೆಂದ, ಎದ್ದು ಕಾಣುತ್ತೆ. ಪಟ್ಟಿಯೂ ಬಿಸಿಯಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ರೈಲ್ ಬಾಗಿರುತ್ತೆ, ಮೇಲಿನ ಕೆಳಗಿನ ಬಟ್ಟೆ ಎರಡೂ ಅಲ್ಲಿ ಒಂದರ ಮೇಲೊಂದು ಬಂದಿರುತ್ತೆ, ಬೊಬ್ಬೆ ಏಳೋದು ಕಷ್ಟ. ಅಗಲವಾದ ಚಪ್ಪಟೆ ಜಾಗವೇ ಮೊದಲು ಬಿಡೋದು.

ಇನ್ನು ಲ್ಯಾಮಿನೇಟ್ ಮಾಡೋ ಹೊತ್ತು. ಬೆಳಗ್ಗೆ ಶುರು ಮಾಡ್ಬೇಡಿ! ಕೋಣೆ ಬಿಸಿ ಏರ್ತಾ ಹೋದ ಹಾಗೆ ಫೋಮಿನ ಗಾಳಿ ಹಿಗ್ಗಿ ಹಸಿ ರೆಸಿನ್ ತೂರಿ ಗುಳ್ಳೆಗುಳ್ಳೆಯಾಗಿ ಬರುತ್ತೆ. ಬ್ಲ್ಯಾಂಕ್ ಬೆಚ್ಚಗಿದ್ದು ಕೋಣೆ ತಣ್ಣಗಾಗ್ತಿರೋ ಸಂಜೆ ಹೊತ್ತು ಸರಿ. ಆಗ ಫೋಮು ರೆಸಿನನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಅದಕ್ಕೂ ಮುಂಚೆ ಮೈಕ್ರೋಬಲೂನ್ ಬೆರೆಸಿದ ತೆಳು ಎಪಾಕ್ಸಿ ಸವರಿ ಫೋಮ್ ಕಾಳಿನ ಸಂದುಗಳನ್ನ ಮುಚ್ಚಿರಬೇಕು. ಕಾರ್ಬನ್ ಉಜ್ಜೋವಾಗ ಧೂಳು ಮೈಗೂ ಕಡಿತ, ಗ್ರೈಂಡರ್ ಒಳಗೆ ಹೋದ್ರೆ ಅದಕ್ಕೂ ಶಾರ್ಟ್. ನೀರು ಹಾಕಿ ಕೈಯಲ್ಲೇ ಉಜ್ಜಿ.

ಉಪ್ಪುಗಣ್ಣು:
ಪೋಸ್ಟ್ ಕ್ಯೂರ್ ಮನೆಯಲ್ಲಿ ಆಗುತ್ತಾ?

ರಾಳದಕೈ:
ಆಗುತ್ತೆ. ಇನ್ಸುಲೇಷನ್ ಹಾಳೆಯಿಂದ ಒಂದು ಪೆಟ್ಟಿಗೆ, ಒಳಗೆ ಹೀಟರು, ಫ್ಯಾನು, ಎರಡು ಕಡೆ ಥರ್ಮಾಮೀಟರು. ನಿಧಾನ ಏರಿಸಿ 50 ದಾಟಿಸಿ ಕೆಲವು ಗಂಟೆ. ನಿಮ್ಮ ರೆಸಿನ್ ಜೊತೆ ಬರೋ ಹಾಳೆಯಲ್ಲಿ ಎಷ್ಟು, ಎಷ್ಟೊತ್ತು ಅಂತ ಇರುತ್ತೆ, ಅದನ್ನ ಮೀರಬೇಡಿ. ವೆಂಟ್ ತೆರೆದಿರಬೇಕು, ಪೇಂಟ್ ಆಮೇಲೆ. ಪೆಟ್ಟಿಗೆ ಬಿಟ್ಟು ಎದ್ದು ಹೋಗೋ ಹಾಗಿಲ್ಲ. ಕರಿಹಲಗೆ, ನೀನು ಇದನ್ನ ನಿನ್ನ ಬೋರ್ಡಿಗೆ ಮಾಡಕ್ಕೆ ಹೋಗ್ಬೇಡ, ಒಳಗೆ ಇನ್ನೆಲ್ಲಿ ಅಂಟು ಕುಡಿಯದ ಜಾಗ ಇದೆಯೋ ಗೊತ್ತಿಲ್ಲ.

(ಒಂದು ಅಡ್ಡಮಾತು. ನಾನು ಕಲಿತ ಕಾಲಕ್ಕೆ ಎಪಾಕ್ಸಿ ಅಂದ್ರೆ ಮೂಗು ಮುರಿಯೋರೇ ಎಲ್ಲ. 2005ರ ಡಿಸೆಂಬರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಂಕ್ ಕಂಪನಿ ಕ್ಲಾರ್ಕ್ ಫೋಮ್ ಒಂದೇ ದಿನಕ್ಕೆ ಬಾಗಿಲು ಹಾಕಿ ಪಾಲಿಯುರೆಥೇನ್ ಬ್ಲ್ಯಾಂಕ್ ಸಿಗದ ಹಾಗಾದಾಗ ಬೇರೆ ದಾರಿ ಇಲ್ಲದೆ ಎಷ್ಟೋ ಜನ ಇಪಿಎಸ್ ಕಡೆ ತಿರುಗಿದ್ರು. ಈ ಬೊಬ್ಬೆ ಪುರಾಣ ನಮ್ಮ ಮನೆಮಾತಾಗಿದ್ದು ಆಮೇಲೇ.)

ಹಿಂಗಾಲು:
ಕರಿಹಲಗೆ, ಪೇಂಟಿಗೆ ಕೂತಾಗ ವ್ಯಾಕ್ಸ್ ತೆಗೆಯಕ್ಕೆ ಹೀಟ್ ಗನ್ ಹಿಡೀಬೇಡ ಮತ್ತೆ. ನೆರಳಲ್ಲಿ ತಣ್ಣಗಿದ್ದಾಗ ಕೆರೆದು, ಉಳಿದದ್ದನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸು. 220 ಗ್ರಿಟ್, ಆಮೇಲೆ 320, ನೀರು ಹಾಕ್ಕೊಂಡು. ಉಜ್ಜಿದ ನೀರು ಹಾಲಿನ ಹಾಗೆ ಇರೋವರೆಗೆ ಕ್ಲಿಯರ್ ಕೋಟಲ್ಲಿದ್ದೀಯ ಅಂತ. ಕಪ್ಪಗಾಯ್ತಾ, ನಿಲ್ಲಿಸು, ನಾರು ಕೊಯ್ತಿದ್ದೀಯ.

ಬಿಳಿ ಅಕ್ರಿಲಿಕ್ ತೆಳ್ಳಗೆ ಎರಡು ಮೂರು ಕೋಟ್, ನೇಯ್ಗೆಯ ನೆರಳೂ ಕಾಣದಷ್ಟು. ತೂಕಕ್ಕೆ ಹೆದರಬೇಡ, ಡೆಕ್ ಮೇಲಿನ ಬಣ್ಣ ಒಣಗಿದ ಮೇಲೆ ಸಾಬೂನಿನ ತುಂಡಿನಷ್ಟೂ ತೂಗಲ್ಲ. ಮೇಲೆ ಟು-ಕೆ (ಎರಡು ಭಾಗ ಬೆರೆಸೋ) ಪಾಲಿಯುರೆಥೇನ್ ಕ್ಲಿಯರ್. ಅದರ ಹಾರ್ಡ್‌ನರಲ್ಲಿ ಐಸೊಸಯನೇಟ್ ಇರುತ್ತೆ, ಬಟ್ಟೆ ಮಾಸ್ಕ್ ಸಾಲದು. ನಾನಂತೂ ಅದನ್ನ ಕಾರಿಗೆ ಪೇಂಟ್ ಹೊಡೆಯೋರ ಬೂತಲ್ಲೇ ಮಾಡಿಸಿದ್ದು. ಟೇಲ್ ಪ್ಯಾಡ್ ಕಪ್ಪು ಬೇಡ, ತಿಳಿ ಬಣ್ಣದ್ದು ತಗೋ.

ಕರಿಹಲಗೆ:
ಬೆಳ್ಳಿ ಬಣ್ಣದ ಟೇಪ್ ಸುತ್ತಿದ್ರೆ? ಸುಮ್ಮನೆ ಒಂದು ತುಂಡು ಅಂಟಿಸಿ ಬಿಸಿಲಲ್ಲಿಟ್ಟು ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ನೋಡಿದೆ. ಪಕ್ಕದ ಕಪ್ಪು 70 ದಾಟಿದ್ರೆ ಟೇಪ್ 30 ತೋರಿಸ್ತು! ಪವಾಡ ಅಂದ್ಕೊಂಡೆ.

ಅಳತೆಗೋಲು:
ಪವಾಡ ಥರ್ಮಾಮೀಟರಿನದು. ಹೊಳೆಯುವ ಲೋಹ ತನ್ನ ಬಿಸಿಯನ್ನು ಕಿರಣವಾಗಿ ಹೊರಸೂಸುವುದೇ ಕಡಿಮೆ. ಆ ಉಪಕರಣ ಓದಿದ್ದು ಟೇಪನ್ನಲ್ಲ, ಟೇಪಿನಲ್ಲಿ ಪ್ರತಿಫಲಿಸಿದ ಆಕಾಶವನ್ನು. ಟೇಪಿನ ಮೇಲೆ ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ ಐದು ನಿಮಿಷ ಬಿಟ್ಟು ಅದರ ಮೇಲೆ ಓದಿ.

ಕರಿಹಲಗೆ:
ಓದಿದೆ. 30 ಅಲ್ಲ, 50ರ ಹತ್ರ. 😅

ಹಿಂಗಾಲು:
ಬ್ಯಾಗ್ ವಿಷಯದಲ್ಲೂ ಜನ ಹೀಗೇ ಮೋಸ ಹೋಗ್ತಾರೆ. ಬೆಳ್ಳಿ ಬ್ಯಾಗು ಬಿಸಿಲನ್ನ ತಡೆಯುತ್ತೆ ನಿಜ, ಆದ್ರೆ ಕಿಟಕಿ ಮುಚ್ಚಿದ ಕಾರೊಳಗೆ ಅದರ ಆಟ ನಡೆಯಲ್ಲ. ಸುತ್ತಲಿನ ಗಾಳಿಯೇ ಕಾದಿರುತ್ತೆ, ಬ್ಯಾಗು ಸ್ವಲ್ಪ ತಡ ಮಾಡಬಹುದು ಅಷ್ಟೇ. ಒದ್ದೆ ಬೋರ್ಡನ್ನ ಝಿಪ್ ಎಳೆದು ಕಾರಲ್ಲಿ ಬಿಡೋದಂತೂ ಇನ್ನೂ ಕೆಟ್ಟದ್ದು.

ಕರಿಹಲಗೆ:
ಮೂರು ವಾರ ಆದ ಮೇಲೆ ಬರೀತಿದ್ದೀನಿ. ಸ್ಕ್ರೂ ಕಿತ್ತೆ, ಒಳಗಿಂದ ಒಂದು ಚಮಚೆಯಷ್ಟು ನೀರು ಬಂತು. ಬೊಬ್ಬೆಗೆ ಮೂರು ಸಲ ಎಪಾಕ್ಸಿ ಬೇಕಾಯ್ತು, ಒಂದೇ ಸಲಕ್ಕೆ ಮುಗಿಸೋಣ ಅಂತ ಕೈ ತುರಿಸಿದ್ದು ನಿಜ. ಈಗ ತಟ್ಟಿದ್ರೆ ಎಲ್ಲ ಕಡೆ ಟಿಕ್. ಡೆಕ್ಕೂ ತಳವೂ ಬಿಳಿ ಮಾಡಿದೆ. ರೈಲ್‌ಗಳಿಗೆ ಎರಡು ಬೆರಳಗಲ ಮಾಸ್ಕಿಂಗ್ ಟೇಪ್ ಹಾಕಿ ನೇಯ್ಗೆ ಹಾಗೇ ಬಿಟ್ಟೆ, ರಾಳದಕೈ ಅಣ್ಣ ಹೊಸ ಬೋರ್ಡಿಗೆ ಹೇಳಿದ್ದನ್ನ ಕದ್ದು. ಮೂಗಿನ ಹತ್ರ ಒಂದು ಎಲೆಯಾಕಾರ ಕಪ್ಪು ಬಿಟ್ಟಿದ್ದೀನಿ, ಆಸೆ ತಡೀಲಿಲ್ಲ. ನಿನ್ನೆ ಮಧ್ಯಾಹ್ನ ಐದು ನಿಮಿಷ ಬಿಸಿಲಲ್ಲಿಟ್ಟು ಕೈ ಇಟ್ಟು ನೋಡಿದೆ. ಬಿಳಿ ಮೇಲೆ ಅಂಗೈ ಆರಾಮಾಗಿ ಇಡಬಹುದು, ಆ ಎಲೆ ಮೇಲೆ ಆಗಲ್ಲ.

ಗೋರ್-ಟೆಕ್ಸ್ ವೆಂಟ್ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಪ್ಲಾಸ್ಟಿಕ್ ಸ್ಕ್ರೂ ವೆಂಟ್ ಹಾಕಿದ್ದೀನಿ. ದಡದಲ್ಲಿ ತೆಗೆಯೋದು, ನೀರಿಗೆ ಹಾಕೋದು. ಇವತ್ತು ಬೆಳಗ್ಗೆ ಮೊದಲ ಸಲ ಇಳಿಸಿದೆ, ಮೊದಲಿನ ಹಾಗೇ ಚುರುಕಾಗಿದೆ.

ರಾಳದಕೈ:
ಚೆನ್ನಾಗಿ ಮಾಡಿದ್ದೀಯ ತಮ್ಮಾ. ಆ ಎಲೆ ಕಡೆ ತಿಂಗಳಿಗೊಮ್ಮೆ ನಾಣ್ಯ ತಟ್ಟು.

ಹಿಂಗಾಲು:
ಇಳಿಸೋ ಮುಂಚೆ ಸ್ಕ್ರೂ ಹಾಕಿದ್ಯಾ?

ಕರಿಹಲಗೆ:
ಒಂದು ನಿಮಿಷ ಇರಿ, ನೋಡಿ ಬರ್ತೀನಿ.

ಕರಿಹಲಗೆ:
ಹಾಕಿದ್ದೆ. ಎದೆ ಹೊಡ್ಕೊಂಡುಬಿಡ್ತು.